ಟ್ಯಾಂಕಿಗೆ ಹಚ್ಚಿದ ಕುಂಕುಮ

ವಾದದಲ್ಲಿ ಗೆಲ್ಲುವುದನ್ನು ಮಕ್ಕಳಿಗೆ ಕಲಿಸಬಾರದು ಎಂಬ ತೀರ್ಮಾನಕ್ಕೆ ನಾನೀಗ ಬಂದಿದ್ದೇನೆ. ನನಗೆ ಕಲಿಸಿಬಿಟ್ಟರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಏಳು ಕಪ್ಪುಗಳು ಗೋವಾದ ಕೊರ್ತಾಲಿಮ್‌ನ ನಮ್ಮ ಮನೆಯಲ್ಲಿವೆ. ಒಂದರಲ್ಲಿ ಅವ್ವ ಜೀರಿಗೆ ತುಂಬಿಟ್ಟಿದ್ದಾಳೆ. ಇಂಥ ಮಗಳು ಬಿಡುವಿನಲ್ಲಿ ಪ್ಲಾಸ್ಟಿಕ್ಕಿನ ಯುದ್ಧಟ್ಯಾಂಕು ಕಟ್ಟಲು ಕೂತರೆ ಗತಿಯೇನು? ಈ ಹವ್ಯಾಸದಲ್ಲಿ ಅಂಟಿಸುವ ಕೆಲಸ ನಾಲ್ಕಾಣೆ, ಉಳಿದ ಹನ್ನೆರಡಾಣೆ ಜಗಳ. ಹಸಿರು ಯಾವ ಹಸಿರು, ಕೆಸರು ಯಾವ ಊರಿನ ಕೆಸರು ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮಾತು ಬಿಟ್ಟವರಿದ್ದಾರೆ. ಹೆಚ್ಚಿನವರು ಬಿಟ್ಟಿದ್ದು ನನ್ನ ಜೊತೆ.

ಮ್ಹಾಪಸಾದಲ್ಲಿ ಪ್ರತಿ ದಸರೆಗೆ ನಮ್ಮ ಗುಂಪಿನ ಪ್ರದರ್ಶನ. ಮೂರು ವರ್ಷ ಸೋತಿದ್ದೆ. ಒಮ್ಮೆ ಆಂಟೆನಾ ತಪ್ಪು ಬದಿಗಿತ್ತು, ಒಮ್ಮೆ ನಂಬರು ತಪ್ಪು, ಒಮ್ಮೆ ಸೈನಿಕನ ಟೋಪಿ ಆಮೇಲಿನ ಕಾಲದ್ದು. ಈ ಸಲ ಬಿಡಬಾರದೆಂದು ಎಪ್ಪತ್ತೊಂದರ ಯುದ್ಧದ ಒಂದು ಟ್ಯಾಂಕಿಗೆ ಎಂಟು ತಿಂಗಳು ಸುರಿದೆ. ಆಧಾರ ಒಂದೇ ಒಂದು ಕಪ್ಪುಬಿಳುಪು ಫೋಟೋ. ಅದರಲ್ಲಿ ಟ್ಯಾಂಕಿನ ಮುಖದ ಮೇಲೊಂದು ಕಪ್ಪು ಮಚ್ಚೆ, ಕೆಳಗೆ ಸೋರಿದ ಗೆರೆ. ಎಂಜಿನ್ ಎಣ್ಣೆಯ ಕಲೆ ಎಂದು ಗುಂಪಿನಲ್ಲಿ ನಾಲ್ಕು ಪುಟ ವಾದಿಸಿ, ನನ್ನ ಟ್ಯಾಂಕಿನ ಮೇಲೂ ಹಾಗೆಯೇ ಬಣ್ಣದಲ್ಲಿ ಬಿಡಿಸಿದೆ.

ಕೆಳಗಿನ ಮನೆಯ ಕಲ್ಲಪ್ಪಜ್ಜ ಬೆಳಗಾವಿ ಕಡೆಯವರು. ಆ ಯುದ್ಧದಲ್ಲಿ ಅಂಥದೇ ಟ್ಯಾಂಕು ಓಡಿಸಿದವರು. ಕಳೆದ ವರ್ಷ, ಆ ಫೋಟೋ ನನಗೆ ಸಿಕ್ಕ ಹೊಸದರಲ್ಲಿ, ಅದನ್ನು ನೋಡಿ, "ನಮ್ಮ ಗಾಡ್ಯಾಗ ಏನ್ ಮಾಡ್ತಿದ್ವಿ ಅಂದ್ರ…" ಎಂದು ಶುರುಮಾಡಿದ್ದರು. "ಅಜ್ಜಾ, ಐವತ್ತು ವರ್ಷದ ನೆನಪು ಪುರಾವೆ ಆಗೂದಿಲ್ರಿ," ಎಂದು ತಡೆದೆ. ಅದೇ ಮಾತನ್ನು ಮೆರುಗು ಕೊಟ್ಟು ಗುಂಪಿನಲ್ಲೂ ಹಾಕಿದೆ. ಒಬ್ಬರಿಗೂ ಎದುರಾಡಲು ಆಗಲಿಲ್ಲ.

ಪ್ರದರ್ಶನದ ಹಿಂದಿನ ದಿನ ಖಂಡೇನವಮಿ. ಸ್ನಾನ ಮಾಡಿ ಬಂದು ನೋಡುತ್ತೇನೆ: ನನ್ನ ಟ್ಯಾಂಕಿನ ಮುಖಕ್ಕೆ ಎಣ್ಣೆಯಲ್ಲಿ ಕಲಸಿದ ಕುಂಕುಮ, ತೋಪಿಗೊಂದು ಚೆಂಡುಹೂವು, ಮುಂದೆ ನಿಂಬೆಹಣ್ಣು. ಅಳತೆಗೆ ಹಾಕಿದರೆ ಆ ನಿಂಬೆಹಣ್ಣು ನನ್ನ ಸೈನಿಕನ ಎದೆಯೆತ್ತರ.

"ಏನ್ ಮಾಡಿದಿ ಅವ್ವಾ!"

"ಆಯುಧಕ್ಕ ಪೂಜಿ ಮಾಡೀನಿ. ಸ್ಕೂಟರಿಗೆ ಮಾಡೀನಿ, ಮಿಕ್ಸರಿಗೆ ಮಾಡೀನಿ. ಮನ್ಯಾಗ ಇದಕ್ಕಿಂತ ದೊಡ್ಡ ಆಯುಧ ಯಾವುದೈತಿ ಹೇಳು?"

"ಅಲ್ಲೇ ಯಾಕ ಹಚ್ಚಿದಿ?"

"ಅಲ್ಲೆ ಎಣ್ಣಿ ಕಲಿ ಇತ್ತಲ್ಲವಾ. ಮುಚ್ಚಲಿ ಅಂತ ಹಚ್ಚಿದೆ. ಎಂಟ್ ತಿಂಗಳದಾಗ ಒಂದು ದಿನಾನರ ಒರಸೀಯೇನು ನೀ?"

ಒರೆಸಿದರೆ ಬಣ್ಣವೂ ಕಿತ್ತು ಬರುತ್ತಿತ್ತು. ನನ್ನ ಅಳು ಕೇಳಿ ಕಲ್ಲಪ್ಪಜ್ಜ ಮೇಲೆ ಬಂದರು. ಕನ್ನಡಕ ಏರಿಸಿ ಟ್ಯಾಂಕು ನೋಡಿದವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ತಂಗೀ, ನಿಮಗ ಹ್ಯಾಂಗ ಗೊತ್ತಾತು?" ಎಂದರು ಅವ್ವನಿಗೆ. "ಗಾಡಿ ಹೊರಡೂ ಮುಂದ ನಾ ಇಲ್ಲೇ ಹಚ್ತಿದ್ದೆ. ಎಣ್ಣ್ಯಾಗ ಕಲಸಿ. ಹಿಂಗ ಸೋರತಿತ್ತು." ಆಮೇಲೆ ನನ್ನ ಕಡೆ ತಿರುಗಿದರು. "ಹೋದ ವರ್ಷ ಇದನ್ನ ಹೇಳಾಕ ಬಂದಿದ್ದೆ ಕೂಸ. ನೀ ಬಿಡಲಿಲ್ಲ."

ಫೋಟೋ ತಂದು ಪಕ್ಕದಲ್ಲಿಟ್ಟೆ. ಮಚ್ಚೆ ಅದೇ, ಗೆರೆ ಅದೇ. ಎಂಟು ತಿಂಗಳ ಸಂಶೋಧನೆಯಿಂದ ಸಿಗದ ಸತ್ಯ ಅವ್ವನ ಉಂಗುರಬೆರಳಿಗೆ ಸಿಕ್ಕಿತ್ತು. ಹೂವು, ನಿಂಬೆಹಣ್ಣು ತೆಗೆದೆ, ಕುಂಕುಮ ಉಳಿಸಿದೆ. ಮರುದಿನ ಅಜ್ಜ ಇಸ್ತ್ರಿ ಅಂಗಿ ತೊಟ್ಟು, "ನಾನೂ ಬರ್ತೇನವಾ. ಅವರು ಕೇಳಿದ್ರ ಹೇಳತೇನಿ," ಎಂದು ಹೊರಟು ನಿಂತರು.

ತೀರ್ಪುಗಾರರು ಭೂತಗನ್ನಡಿ ಹಿಡಿದು ಬಗ್ಗಿದರು. ಕುಂಕುಮಕ್ಕೆ ಆಧಾರವೇನು ಎಂದು ಹಿಂದಿಯಲ್ಲಿ ಕೇಳಿದರು. ನಾನು ಹೆಮ್ಮೆಯಿಂದ ಅಜ್ಜನನ್ನು ಮುಂದೆ ನಿಲ್ಲಿಸಿದೆ. ತೀರ್ಪುಗಾರರು ಅವರಿಗೆ ಕೈಮುಗಿದರು. ನಂತರ ಮೊಬೈಲು ತೆಗೆದು ನಮ್ಮ ಗುಂಪಿನಿಂದ ಓದಿದರು: ಕಣ್ಣಾರೆ ಕಂಡವರ ನೆನಪು ಪ್ರೀತಿಯ ವಸ್ತು, ಪುರಾವೆಯಲ್ಲ. ಅದನ್ನು ನಂಬುವವನು ಟ್ಯಾಂಕು ಕಟ್ಟದೆ ಕಥೆ ಕಟ್ಟಲಿ.

ಅಂಕ ಕಳೆದು ಅವರು ಮುಂದಿನ ಮೇಜಿಗೆ ಹೋದರು. ಎದುರುವಾದ ಹುಡುಕಿದೆ, ಇರಲಿಲ್ಲ. ಇರಬಾರದೆಂದೇ ನಾನು ಅದನ್ನು ಬರೆದಿದ್ದೆನಲ್ಲ.

ಅಜ್ಜ ಟ್ಯಾಂಕಿನತ್ತ ಬಗ್ಗಿ ನೋಡಿ, ನನ್ನ ಕಡೆ ತಿರುಗಿದರು.

"ಯಾವನವಾ ಅದನ್ನ ಬರದಾವ? ಯುದ್ಧಕ್ಕ ಹೋಗಿದ್ನೇನು?"

"ಇಲ್ರಿ ಅಜ್ಜಾ," ಎಂದೆ. "ಹೋಗಿರಲಿಲ್ಲ."