ಒಂದು ತಲೆ, ಎರಡು ಮರ್ಯಾದೆ

ದೇವರು ಮನುಷ್ಯನಿಗೆ ಕೊಟ್ಟಿರುವುದು ಒಂದೇ ತಲೆ. ಆದರೆ ಅದು ತಮ್ಮದೆಂದು ಹೇಳುವವರು ಬಹಳ ಮಂದಿ. ಚಿಕ್ಕವನಿದ್ದಾಗ ಅದು ಅವ್ವನದಾಗಿತ್ತು; ಹಿಡಿದು ಕೂರಿಸಿ ಎಣ್ಣೆ ತಿಕ್ಕುತ್ತಿದ್ದಳು. ಮದುವೆಯಾದ ಮೇಲೆ ಹೆಂಡತಿಯದಾಯಿತು. ಅದನ್ನು ತಿನ್ನುವ ಪೂರ್ಣ ಅಧಿಕಾರ ಅವಳಿಗಿದೆ. ಈಗ ಸರಕಾರವೂ ಬಂದು, ಗಾಡಿ ಹತ್ತಿದರೆ ಇದರ ಮೇಲೆ ಹೆಲ್ಮೆಟ್ ಇರಲೇಬೇಕು ಎಂದು ಹಕ್ಕು ಚಲಾಯಿಸಿದೆ. ನನ್ನದೆಂದು ಉಳಿದಿದ್ದುದು ಕೂದಲು ಮಾತ್ರ. ಅದೂ ನನ್ನನ್ನು ಬಿಟ್ಟು ಹೋಗುತ್ತಿದೆ.

ನಾನು ಆಳಂದದಲ್ಲಿ ಹೈಸ್ಕೂಲು ಮಾಸ್ತರ. ಶಾಲೆಯಲ್ಲಿ ರಸ್ತೆ ಸುರಕ್ಷತೆಯ ಭಾಷಣ ಮಾಡುವ ಕೆಲಸ ಪ್ರತಿವರ್ಷ ನನ್ನ ಕೊರಳಿಗೇ ಬೀಳುತ್ತದೆ. ಮೊದಮೊದಲು ಬೇಸರವಾಗುತ್ತಿತ್ತು. ಕಾನೂನು ಬಿಗಿಯಾಗಿ ದಂಡ ಏರಿದ ಮೇಲೆ ನನ್ನ ಭಾಷಣಕ್ಕೂ ಕಳೆ ಬಂತು. ಹೆಲ್ಮೆಟ್ ಇಲ್ಲದಿದ್ದರೆ ದಂಡವಷ್ಟೇ ಅಲ್ಲ, ಲೈಸೆನ್ಸೂ ಮೂರು ತಿಂಗಳು ಅಮಾನತಾಗಬಹುದು. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ಗದ್ದದ ಕೆಳಗೆ ಪಟ್ಟಿ ಬಿಗಿದಿರಬೇಕು. ಐಎಸ್‌ಐ ಮಾರ್ಕು ಇರಬೇಕು. ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಟ್ಟರೆ ಅಪ್ಪ ಜೈಲು ಸೇರಬಹುದು. ಇಂಥ ಮಾತುಗಳನ್ನು ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ. ಆ ಜುಮ್ಮು ಶಾಲೆಯಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಅದನ್ನು ಹೆಂಡತಿಯ ತವರಾದ ಭೂಸನೂರಿಗೂ ಒಯ್ಯುತ್ತಿದ್ದೆ. ಅಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಫ್ಯಾಕ್ಟರಿಗೆ ಹೋಗುವುದನ್ನು ಕಂಡರೆ ಸುಮ್ಮನಿರುವುದು ನನ್ನಿಂದಾಗದು. ಊಟಕ್ಕೆ ಕೂತಾಗ, ತಟ್ಟೆ ಬಿಟ್ಟು ಏಳಲಾಗದವರನ್ನು ನೋಡಿ ಭಾಷಣ ಶುರುಮಾಡುತ್ತಿದ್ದೆ. ಹೆಂಡತಿಯ ತಮ್ಮ ಬಸವರಾಜ ನನ್ನ ಬೈಕಿನ ಸಪ್ಪಳ ಕೇಳಿದರೆ ಹೊಲದ ಕಡೆ ನಡೆಯುತ್ತಿದ್ದ.

ಕಳೆದ ವರ್ಷ ಮಾವನವರ ಹೊಸ ಮನೆಯ ಗುರುಪ್ರವೇಶವಾಯಿತು. ಊಟವಾದ ಮೇಲೆ ಆಯೇರಿ, ಅಂದರೆ ಉಡುಗೊರೆಯ ಶಾಸ್ತ್ರ. ಅಳಿಯಂದಿರಿಗೆ ಬಟ್ಟೆ ಕೊಟ್ಟು, ತಲೆಗೆ ರುಮಾಲು ಸುತ್ತಿ ಮರ್ಯಾದೆ ಮಾಡುವುದು ಆ ಮನೆಯ ಪದ್ಧತಿ. ಸುತ್ತಿದ ರುಮಾಲನ್ನು ಅಳಿಯ ತನ್ನ ಮನೆಯ ಹೊಸ್ತಿಲು ತಲುಪಿ, ಆರತಿ ಆಗುವತನಕ ತೆಗೆಯಬಾರದು. ನನ್ನ ಷಡ್ಡಕ ಒಮ್ಮೆ ಸೆಕೆಯೆಂದು ಅಂಗಳದಲ್ಲೇ ತೆಗೆದುಬಿಟ್ಟಿದ್ದ. ಮಾವನವರು ಅವನೊಂದಿಗೆ ಮುಂದಿನ ದೀಪಾವಳಿಯವರೆಗೆ ಮಾತಾಡಲಿಲ್ಲ. ನನಗಾದರೋ ಆ ಮುದುಕರೆಂದರೆ ಬಹಳ ಪ್ರೀತಿ. ರುಮಾಲು ಸುತ್ತುವುದರಲ್ಲಿ ಸುತ್ತಲಿನ ಊರುಗಳಲ್ಲಿ ಅವರಷ್ಟು ಚಂದದ ಕೈ ಇನ್ನೊಂದಿಲ್ಲ. ಅಂದು ನನ್ನ ತಲೆಯ ಮೇಲೆ ಕೇಸರಿ ರುಮಾಲು ಕೂತಾಗ ಕನ್ನಡಿಯಲ್ಲಿ ನೋಡಿಕೊಂಡೆ. ಮಾಸ್ತರಿಕೆ ಎಲ್ಲೋ ಹೋಗಿ ದೇಸಾಯರ ಗತ್ತು ಬಂದಿತ್ತು.

ಹೊರಡುವ ಹೊತ್ತಿಗೆ ಬೈಕಿನ ಕನ್ನಡಿಗೆ ನೇತುಹಾಕಿದ್ದ ಹೆಲ್ಮೆಟ್ ಕಾಣಿಸಿತು. ರುಮಾಲಿನ ಮೇಲೆ ಅದು ಕೂರದು, ರುಮಾಲು ತೆಗೆಯುವಂತಿಲ್ಲ. ನಾನು ನಿಂತಲ್ಲೇ ನಿಂತೆ. ಬಸವರಾಜನಿಗೆ ಇಷ್ಟು ವರ್ಷ ಕಾದದ್ದು ಸಿಕ್ಕಿತ್ತು.

"ಮಾಮಾ, ಅಕ್ಕ ಗಾಡಿ ಹೊಡೀಲಿ, ನೀವು ಹಿಂದ ಕೂಡ್ರಿ" ಎಂದ.

"ಹಿಂದ ಕುಂತವ್ರಿಗೂ ಹೆಲ್ಮೆಟ್ ಬೇಕಲ್ಲೋ" ಎಂದಳು ನನ್ನ ಹೆಂಡತಿ ಶಿವಲೀಲಾ. ನನ್ನ ಪಾಠ ಅವಳಿಗೆ ಬಾಯಿಪಾಠವಾಗಿದೆ.

"ಹಂಗಾರ ಟ್ರ್ಯಾಕ್ಟರ್ ಟ್ರಾಲ್ಯಾಗ ಬಿಟ್ಟು ಬರ್ತೇನಿ."

"ಟ್ರಾಲ್ಯಾಗ ಮಂದಿ ಕೂಡಂಗಿಲ್ಲ. ನಿಮ್ಮ ಮಾಮಾನೇ ಹೇಳ್ಯಾರ, ಹೋದ ಸಲ, ಹೋಳಿಗಿ ತಿನ್ನೂ ಮುಂದ."

ಬಸ್ಸಿನ ಮಾತೂ ಬಂತು. ಆ ಹೊತ್ತಿನ ಬಸ್ಸಿನಿಂದ ಮನುಷ್ಯರೇ ಇಡಿಯಾಗಿ ಇಳಿಯುವುದಿಲ್ಲ, ರುಮಾಲಿನ ಮಾತೆಲ್ಲಿ? ನಾನು ಇಷ್ಟು ವರ್ಷ ಹೆಣೆದ ಬಲೆಯಲ್ಲಿ ನಾನೇ ಬಿದ್ದಿದ್ದೆ. ಎಲ್ಲವನ್ನೂ ಕೇಳುತ್ತ ಕಟ್ಟೆಯ ಮೇಲೆ ಕೂತಿದ್ದ ಮಾವನವರು ಎದ್ದು ಬಂದರು.

"ಮಾಸ್ತರ್ರೆ, ಹೆಲ್ಮೆಟ್ ಹಾಕ್ಕೊಳ್ರಿ" ಎಂದರು.

"ಮಾವಾರೇ, ರುಮಾಲ?"

"ನಾನ ಸುತ್ತಿದ್ದು, ನಾನ ಬಿಚ್ಚತೇನಿ. ಅದಕ್ಕೇನ್ ದೋಷ ಇಲ್ಲ. ನೀವು ಮೊದ್ಲ ಹಾಕ್ಕೊಂಡು ಪಟ್ಟಿ ಬಿಗೀರಿ."

ಹೀಗೆ ರುಮಾಲು ಎರಡನೆಯ ಸಲ ಏರಿತು, ಈ ಸಲ ಹೆಲ್ಮೆಟ್ಟಿನ ಮೇಲೆ. ಹೆಲ್ಮೆಟ್ ನುಣುಪು, ರುಮಾಲು ಜಾರುತ್ತಿತ್ತು. ಮುದುಕರು ಎರಡೂ ಕೈ ಮೇಲೆತ್ತಿ, ಬೆವರಿಳಿಸುತ್ತ, ಸುತ್ತಿದ್ದೂ ಸುತ್ತಿದ್ದೇ. ಮುಗಿದಾಗ ನನ್ನ ತಲೆ ಸಂತೆಯ ದೊಡ್ಡ ಕುಂಬಳಕಾಯಿಯಷ್ಟಾಗಿತ್ತು. ಆದರೆ ಕಾನೂನು ಒಳಗಿತ್ತು, ಮರ್ಯಾದೆ ಹೊರಗಿತ್ತು. ಎರಡನ್ನೂ ಹೊತ್ತು ಹೊರಟೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನವರೂ ಸರಿದು ಜಾಗ ಕೊಟ್ಟರು.

ಆಳಂದ ಇನ್ನೇನು ಬಂತು ಎನ್ನುವಾಗ ಪೊಲೀಸರು ಗಾಡಿ ತಪಾಸಣೆ ನಡೆಸಿದ್ದರು. ಒಬ್ಬ ಹವಾಲ್ದಾರರು ಕೈ ಅಡ್ಡ ಮಾಡಿದರು. ನನ್ನ ತಲೆಯನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು.

"ಹೆಲ್ಮೆಟ್ ಎಲ್ಲದ್ರಿ?"

"ಒಳಗ ಅದ್ರಿ."

"ಕಾಣವಲ್ದಲ್ರಿ."

"ಕಾಣಂಗಿಲ್ರಿ, ಆದ್ರ ಅದ."

"ದೇವ್ರ ಬಗ್ಗೆನೂ ಮಂದಿ ಹಿಂಗೇ ಹೇಳ್ತಾರ್ರಿ. ನಾ ನಂಬ್ತೇನಿ. ಹೆಲ್ಮೆಟ್ ಮಾತ್ರ ನೋಡೇ ನಂಬಬೇಕು. ಪಟ್ಟಿ ಏನೋ ಕಾಣಾಕತ್ತದ. ಐಎಸ್‌ಐ ಮಾರ್ಕು ತೋರಸ್ರಿ."

ಅದು ರುಮಾಲಿನ ಅಡಿಯಲ್ಲಿತ್ತು. ನಾನು ಕಥೆಯನ್ನೆಲ್ಲ ಹೇಳಿದೆ. ಅವರು ನಗಲಿಲ್ಲ, ಅವರೂ ಯಾವುದೋ ಊರಿನ ಅಳಿಯಂದಿರೇ ಇರಬೇಕು. "ಕಾನೂನಿನ್ಯಾಗ ರುಮಾಲಿಗೆ ವಿನಾಯ್ತಿ ಇರೋದು ಸಿಖ್ಖರಿಗೆ. ಅಳಿಯಂದಿರಿಗಿಲ್ರಿ" ಎಂದು ಸಮಾಧಾನವಾಗಿ ಹೇಳಿದರು.

"ಬಿಚ್ಚಿ ತೋರಸ್ರಿ, ಅಪ್ಪಗ ಯಾರು ಹೇಳ್ತಾರ?" ಎಂದು ಶಿವಲೀಲಾ ಹಿಂದಿನಿಂದ ತನ್ನ ಹೆಲ್ಮೆಟ್ಟಿನೊಳಗೇ ಪಿಸುಗುಟ್ಟಿದಳು. ತುದಿಗೆ ಕೈ ಹಾಕಿದೆ ಕೂಡ. ಆದರೆ ತೋಳುಗಳನ್ನು ಎತ್ತಿ ಎರಡೆರಡು ಸಲ ಸುತ್ತಿದ ಆ ಮುದುಕರ ಮುಖ ಕಣ್ಣ ಮುಂದೆ ಬಂತು. ನನಗೆ ಆಗಲಿಲ್ಲ.

"ದಂಡ ಹಾಕ್ರಿ ಸಾಹೇಬ್ರ" ಎಂದೆ.

ಲೈಸೆನ್ಸ್ ಉಳಿಯಿತು, ದಂಡ ತಪ್ಪಲಿಲ್ಲ. ಮನೆ ಮುಟ್ಟಿ ಆರತಿ ಮಾಡಿಸಿಕೊಂಡು ತಲೆ ಹಗುರ ಮಾಡಿಕೊಳ್ಳುವಷ್ಟರಲ್ಲಿ ಶಿವಲೀಲಾ ತವರಿಗೆ ಫೋನು ಮಾಡಿಯಾಗಿತ್ತು. ಮರುದಿನದಿಂದ ಮಾವನವರು ಭೂಸನೂರಿನ ಹೋಟೆಲಿನಲ್ಲಿ ಕಂಡಕಂಡವರಿಗೆಲ್ಲ, "ನಮ್ಮ ಅಳಿಯ ದಂಡ ಕಟ್ಯಾನ, ರುಮಾಲ ಬಿಚ್ಚಿಲ್ಲ" ಎಂದು ಹೇಳತೊಡಗಿದರಂತೆ. ಕಾನೂನು ಪಾಲಿಸಿರೆಂದು ವರ್ಷಗಟ್ಟಲೆ ಒದರಿದಾಗ ಸಿಗದ ಹೆಸರು ಒಂದೇ ದಂಡದಲ್ಲಿ ಸಿಕ್ಕಿತು. ನನಗೆ ಒಳಗೊಳಗೇ ಖುಷಿಯಾಯಿತು; ಇದನ್ನು ಶಾಲೆಯಲ್ಲಿ ಯಾರಿಗೂ ಹೇಳಬೇಡಿ.

ಆದರೆ ರುಮಾಲಿನಿಂದ ಅಳಿಯನಿಗೆ ದಂಡ ಬಿತ್ತಲ್ಲ ಎಂಬುದು ಮಾವನವರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮೊನ್ನೆ ಬಸವರಾಜನ ಮಗಳ ತೊಟ್ಟಿಲು ಕಾರ್ಯಕ್ರಮದಲ್ಲಿ, ಆಯೇರಿಯ ತಟ್ಟೆಯ ಮೇಲೆ ರುಮಾಲು ಇರಲಿಲ್ಲ. ಐಎಸ್‌ಐ ಮಾರ್ಕಿನ ಹೊಸ ಹೆಲ್ಮೆಟ್ ಇತ್ತು, ಅದಕ್ಕೆ ಕುಂಕುಮ ಹಚ್ಚಿದ್ದರು. ಮಾವನವರು ಎರಡೂ ಕೈಯಿಂದ ಅದನ್ನು ನನ್ನ ತಲೆಗಿಟ್ಟು ಕಣ್ತುಂಬ ನೋಡಿದರು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಈ ಸಲ ಆಯೇರಿ ಊಟಕ್ಕಿಂತ ಮೊದಲೇ ನಡೆದಿತ್ತು ಎಂಬುದು ನನಗೆ ಹೊಳೆದದ್ದು ಎಲೆ ಹಾಕಿದ ಮೇಲೆ. ಮರ್ಯಾದೆಯಿಂದ ತಲೆಗಿಟ್ಟದ್ದನ್ನು ಮನೆ ಮುಟ್ಟುವತನಕ ತೆಗೆಯಬಾರದಲ್ಲ.

"ಮಾಮಾ, ಪಟ್ಟಿ" ಎಂದು ಬಸವರಾಜ ತಾನೇ ಬಂದು ಗದ್ದದ ಕೆಳಗೆ ಬಿಗಿಯಾಗಿ ಹಾಕಿ ಹೋದ.

ಎದುರಿಗೆ ತುಪ್ಪ ಸುರಿದ ಹೋಳಿಗೆ. ಬಾಯಿ ಸಣ್ಣ ಸಣ್ಣ ತುತ್ತಿಗಷ್ಟೇ ತೆರೆಯುತ್ತಿತ್ತು, ಭಾಷಣಕ್ಕೆ ಸಾಲುತ್ತಿರಲಿಲ್ಲ. ಆ ಮನೆಯವರು ಅಷ್ಟು ನೆಮ್ಮದಿಯಾಗಿ ಉಂಡದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.