ಸೋರದ ರೇಡಿಯೇಟರು

ತಿರುಮಲೇಶರ ಬಿಳಿ ಬೂಟು ಕೆಂಪಾದದ್ದೇ ಎಲ್ಲ ಅನರ್ಥಕ್ಕೂ ಮೂಲ.

ತಿರುಮಲೇಶರು ಮುಂಬಯಿಯ ಮುಲುಂಡಿನ ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಮೈಸೂರು ಕಡೆಯವರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಆಳುವುದಕ್ಕೆ ಬೇರೇನೂ ಸಿಗದೆ ಬಿಲ್ಡಿಂಗನ್ನು ಆಳುತ್ತಿದ್ದರು. ಮಗಳು ಕೊಡಿಸಿದ ಹೊಸ ಬೂಟು ಹಾಕಿಕೊಂಡು ಬೆಳಗಿನ ವಾಕಿಂಗಿಗೆ ಹೊರಟವರು, ಚೆನ್ನಯ ಪೂಜಾರಿಯ ಹಳೇ ಪಿಕಪ್ಪಿನ ಅಡಿಯಿಂದ ಹರಿದು ಬಂದಿದ್ದ ತುಕ್ಕುನೀರಿನಲ್ಲಿ ಸರಿಯಾಗಿ ಕಾಲಿಟ್ಟರು. ಬೂಟು ಎಲೆಯಡಿಕೆ ಉಗುಳಿದ ಗೋಡೆಯಂತಾಯಿತು.

ಮೂರನೆಯ ಮಹಡಿಯಲ್ಲಿ ಹಲ್ಲುಜ್ಜುತ್ತಿದ್ದ ಚೆನ್ನಯನನ್ನು ಹಾಗೇ ಕೆಳಗೆ ಕರೆಸಲಾಯಿತು.

"ನೋಡಿ ಪೂಜಾರಿಯವರೇ, ಇವತ್ತು ಸಾಯಂಕಾಲದೊಳಗೆ ಆ ರೇಡಿಯೇಟರ್ ಬದಲಾಯಿಸಿರ್ಬೇಕು. ಇಲ್ದಿದ್ರೆ ನಿಮ್ಮ ಗಾಡಿ ಈ ಗೇಟಿನೊಳಗೆ ಬರೋ ಹಾಗಿಲ್ಲ," ಎಂದರು ತಿರುಮಲೇಶರು, ಬೂಟನ್ನು ಸಾಕ್ಷಿಯಂತೆ ಎತ್ತಿ ಹಿಡಿದು.

ಅಷ್ಟರಲ್ಲಿ ಹಾಲು ತರಲು ಇಳಿದವರು, ಪೇಪರು ತರಲು ಇಳಿದವರು, ಏನೂ ತರಲಿಕ್ಕಿಲ್ಲದೆ ಸುಮ್ಮನೆ ಇಳಿದವರು ಎಲ್ಲ ಸೇರಿದರು. ರೇಡಿಯೇಟರಿಗೆ ಅರಿಸಿನ ಪುಡಿ ಹಾಕಿದರೆ ತೂತು ಮುಚ್ಚುತ್ತದೆ ಎಂದರು ಒಬ್ಬರು. ಮೊಟ್ಟೆಯ ಬಿಳಿ ಉತ್ತಮ ಎಂದರು ಇನ್ನೊಬ್ಬರು. ಗಾಡಿಯನ್ನೇ ಗುಜರಿಗೆ ಹಾಕಿ ಪುಣ್ಯ ಕಟ್ಟಿಕೊಳ್ಳಬೇಕೆಂದು ಮತ್ತೊಬ್ಬರು. ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಮ್ಮತ: ಚೆನ್ನಯನಂಥ ಜಿಪುಣ ಮುಲುಂಡಿನಿಂದ ಕೊಲಾಬದವರೆಗೆ ಇನ್ನೊಬ್ಬನಿಲ್ಲ.

ಪಾಪ, ಚೆನ್ನಯ ಜಿಪುಣನಲ್ಲ. ಗ್ರಾಂಟ್ ರೋಡಿನವರೆಗಿನ ಉಡುಪಿ ಹೋಟೆಲುಗಳಿಗೆ ತೆಂಗಿನಕಾಯಿ ಹಾಕುವ ವ್ಯಾಪಾರ ಅವನದು. ಅನ್ನಕ್ಕೇನೂ ಕೊರತೆಯಿರಲಿಲ್ಲ. ರೇಡಿಯೇಟರನ್ನು ಬದಲಿಸದೆ ಇರುವುದಕ್ಕೆ ಅವನಿಗೆ ಬೇರೆ ಕಾರಣವಿತ್ತು. ಆ ಕಾರಣ ಸಾಯನ್ ಸ್ಟೇಷನ್ನಿನ ಹತ್ತಿರದ ಒಂದು ಗಲ್ಲಿಯಲ್ಲಿ, ಸಾಲುಮನೆಗಳ ಒಂದು ಚಾಳಿನ ನೆಲಮಹಡಿಯಲ್ಲಿ ವಾಸವಾಗಿತ್ತು. ಅದರ ಹೆಸರು ಸೇವಂತಿ.

ಹದಿಹರೆಯದಲ್ಲಿ ಮುಂಬಯಿಗೆ ಬಂದ ಚೆನ್ನಯ ಹೋಟೆಲಿನಲ್ಲಿ ಟೇಬಲ್ಲು ಒರೆಸಿ, ಊರಿನಲ್ಲಿದ್ದ ತಂಗಿಯರನ್ನು ಒಬ್ಬೊಬ್ಬರನ್ನಾಗಿ ದಡ ಸೇರಿಸಿ, ಇನ್ನು ತನ್ನ ಮದುವೆ ಎಂದು ಕನ್ನಡಿ ನೋಡಿಕೊಳ್ಳುವಷ್ಟರಲ್ಲಿ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಸಾಯನ್ನಿನಲ್ಲಿ ಪಿಕಪ್ಪು ಕುದಿದು ಹೊಗೆಯಾಡಿತು. ನೀರು ಕೇಳಲು ಗಲ್ಲಿಗೆ ಓಡಿದವನಿಗೆ ಒಲೆಯ ಮುಂದಿದ್ದ ಸೇವಂತಿ ಒಂದು ಬಕೆಟ್ಟು ನೀರು ಕೊಟ್ಟು, "ಬಿಸಿ ಇರುವಾಗ ಮುಚ್ಚಳ ತೆಗಿಬೇಡಿ, ಮುಖ ಸುಡ್ತದೆ. ಅಷ್ಟರಲ್ಲಿ ಚಾ ಕುಡಿಯಿರಿ," ಎಂದಳು. ಕಾಪು ಕಡೆಯವಳು. ಗಂಡ ತೀರಿಹೋದ ಮೇಲೆ ಆಫೀಸಿನವರಿಗೆ ಊಟದ ಡಬ್ಬಿ ಕಳಿಸಿ ಬದುಕು ಕಟ್ಟಿಕೊಂಡವಳು.

ಮರುದಿನವೂ ಪಿಕಪ್ಪು ಅಲ್ಲೇ ಕುದಿಯಿತು. ಅದರ ಮರುದಿನವೂ. ವರ್ಷಗಳು ಕಳೆದವು. ಅದು ಘಾಟ್ಕೋಪರಿನಲ್ಲಿ ಕುದಿಯಲಿಲ್ಲ, ಚೆಂಬೂರಿನಲ್ಲಿ ಕುದಿಯಲಿಲ್ಲ. ಅಂಥ ತಿಳಿವಳಿಕೆಯ ರೇಡಿಯೇಟರನ್ನು ಯಾರಾದರೂ ಬದಲಿಸುತ್ತಾರೆಯೇ?

ಸುಮ್ಮನೆ ಹೋಗಿ ಮಾತಾಡಿಸಬಾರದೇ ಎಂದು ನೀವು ಕೇಳಬಹುದು. ಸೇವಂತಿಯ ಖಾನಾವಳಿಯಲ್ಲಿ ಕೂತು ಉಣ್ಣುವವರಿಲ್ಲ. ಊಟವೆಲ್ಲ ಡಬ್ಬಿಯಲ್ಲಿ ಹೊರಗೆ ಹೋಗುತ್ತದೆ. ಚೆನ್ನಯನೂ ಒಮ್ಮೆ ಜಾಣತನ ಮಾಡಿ ಡಬ್ಬಿ ಹೇಳಿ ನೋಡಿದ್ದ. ಅಡಿಗೆಗೆ ನೆರವಾಗುವ ರುಕ್ಮಿಣಿಬಾಯಿ ಅದನ್ನು ಅವನ ಗಿರಾಕಿಯ ಹೋಟೆಲಿಗೇ ಮುಟ್ಟಿಸಿ, ಇನ್ನು ನೀವು ಗಲ್ಲಿಗೆ ಬರುವ ತೊಂದರೆಯೇ ಇಲ್ಲ ಎಂದಿದ್ದಳು. ಇನ್ನು ಚಾಳೆಂದರೆ ಗ್ಯಾಲರಿ ತುಂಬ ಕಣ್ಣು. ಒಂಟಿ ಹೆಂಗಸಿನ ಬಾಗಿಲಲ್ಲಿ ಕೆಲಸವಿಲ್ಲದ ಗಂಡಸು ನಿಂತರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಆದರೆ ನೀರು ಕೇಳಿಕೊಂಡು ಬಂದವನನ್ನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಕಾದ ರೇಡಿಯೇಟರು ತಣಿಯುವವರೆಗೆ ನಿಂತರೆ ಅದಕ್ಕೂ ತಕರಾರಿಲ್ಲ. ಆ ಹೊತ್ತಿನಲ್ಲಿ ಇಬ್ಬರೂ ಊರಿನ ಮೀನು, ಮಳೆ, ಕಾಯಿಯ ದರ ಎಂದು ಮಾತಾಡುತ್ತಿದ್ದರು. ಚೆನ್ನಯನಿಗೆ ದಿನವೆಂದರೆ ಅದೇ, ಉಳಿದದ್ದು ತೆಂಗಿನಕಾಯಿ.

ಮದುವೆಯ ಮಾತನ್ನು ಅವನು ಪ್ರತಿದಿನ ಮುಲುಂಡಿನಲ್ಲಿ ಬಾಯಿಗೆ ತಂದುಕೊಳ್ಳುತ್ತಿದ್ದ. ಸಾಯನ್ನು ಮುಟ್ಟುವಷ್ಟರಲ್ಲಿ ಅದು ಹೊಟ್ಟೆಗಿಳಿದಿರುತ್ತಿತ್ತು. ನಾಳೆ ಹೇಳಿದರಾಯಿತು, ರೇಡಿಯೇಟರು ಇದೆಯಲ್ಲ ಎಂದು ಅಳೆದೂ ಸುರಿದೂ ಕಾಲ ಕಳೆದ. ಈಗ ಆ ಆಸರೆಯನ್ನೂ ತಿರುಮಲೇಶರ ಬೂಟು ಮೆಟ್ಟಿಹಾಕಿತ್ತು.

ಧಾರಾವಿಯಲ್ಲಿ ಕಾಶಪ್ಪನ ಗ್ಯಾರೇಜು. ಇಂಡಿ ತಾಲ್ಲೂಕಿನ ಕಾಶಪ್ಪ ವರ್ಷಗಳಿಂದ ಈ ರೇಡಿಯೇಟರನ್ನು ಬಿಚ್ಚಲು ಕೈ ತುರಿಸಿಕೊಂಡು ಕಾದಿದ್ದವನು. ಚೆನ್ನಯ ಬಾಯಿ ಬಿಡುವ ಮೊದಲೇ ಬಾನೆಟ್ಟಿನೊಳಗೆ ಇಳಿದ. ಹಳೆಯದನ್ನು ಹೊರಗೆಳೆದು, ಕೊಳವೆಯಲ್ಲೆಲ್ಲ ಗಟ್ಟಿಯಾಗಿದ್ದ ಸುಣ್ಣವನ್ನು ಬಂದುಹೋಗುವವರಿಗೆಲ್ಲ ತೋರಿಸಿದ. ಹೊಸದನ್ನು ಕೂಡಿಸಿ ಹಸಿರು ಕೂಲಂಟು ಸುರಿದು ಮಗುವಿನ ಬೆನ್ನು ತಟ್ಟಿದಂತೆ ತಟ್ಟಿದ.

ಚೆನ್ನಯ ಮೆಲ್ಲಗೆ ಕೇಳಿದ: "ಇದು ಸ್ವಲ್ಪವಾದರೂ ಸೋರ್ತದಾ ಕಾಶಪ್ಪ?"

"ಸೋರ್ತದಂದ್ರ?"

"ಹೆಚ್ಚೇನಲ್ಲ ಮಾರಾಯಾ. ದಿನಕ್ಕೊಂದು ಬಕೆಟ್ಟು ನೀರು ಹಿಡಿಯುವಷ್ಟು."

ಕಾಶಪ್ಪನ ಮುಖ ಕಪ್ಪಿಟ್ಟಿತು. ತನ್ನ ಕೈಯಿಂದ ಹೋದ ಗಾಡಿ ಇವತ್ತಿನವರೆಗೆ ತಿರುಗಿ ಬಂದಿಲ್ಲ, ಬೇಕಾದರೆ ಇಡೀ ಧಾರಾವಿಯನ್ನು ಕೇಳಿ ಎಂದು ಭಾಷಣ ಶುರುಮಾಡಿದ. ಅದೇ ಹೊತ್ತಿಗೆ ಅವನ ಊಟದ ಡಬ್ಬಿ ಹಿಡಿದು ರುಕ್ಮಿಣಿಬಾಯಿ ಬಂದಳು. ಹೊಸ ರೇಡಿಯೇಟರನ್ನು ನೋಡಿದಳು, ಚೆನ್ನಯನನ್ನು ನೋಡಿದಳು. ಇನ್ನು ಇದಕ್ಕೆ ನೀರು ಬೇಡವೇ ಎಂದು ಕಾಶಪ್ಪನನ್ನು ಕೇಳಿದಳು.

"ಒಂದ್ ಹನಿ ಸೈತ ಬ್ಯಾಡ ಬಾಯಿ," ಎಂದ ಕಾಶಪ್ಪ, ಎದೆಯುಬ್ಬಿಸಿ.

ರುಕ್ಮಿಣಿಬಾಯಿ ನಿನ್ನೆಯ ಖಾಲಿ ಡಬ್ಬಿಯನ್ನೂ ಮರೆತು ನಗುನಗುತ್ತ ಸಾಯನ್ನಿನ ಕಡೆ ಹೆಚ್ಚುಕಡಿಮೆ ಓಡಿಯೇ ಹೋದಳು. ಚೆನ್ನಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆಯಿತು, ಸುದ್ದಿ ಹೋಯಿತು. ಇನ್ನು ಸೇವಂತಿ ಬಕೆಟ್ಟು ತುಂಬಿಸಿಡುವುದಿಲ್ಲ. ದಿನಾ ಬರುವ ಪೀಡೆ ತೊಲಗಿತೆಂದು ಇಬ್ಬರೂ ನೆಮ್ಮದಿಯಾಗಿ ಚಾ ಕುಡಿಯುತ್ತಾರೆ.

ಗ್ಯಾರೇಜಿನಿಂದ ಹೊರಟ ಪಿಕಪ್ಪು ಹೇಳಿದ ಮಾತು ಕೇಳುವ ಹುಡುಗನಂತೆ ಓಡಿತು. ಚೆನ್ನಯನಿಗೆ ಅದರ ಮೇಲೆ ಎಂದೂ ಬಾರದ ಸಿಟ್ಟು ಬಂತು. ಶಾಖ ತೋರಿಸುವ ಮುಳ್ಳು ಅಲ್ಲಾಡಲಿಲ್ಲ. ಸಣ್ಣ ಗೇರಿನಲ್ಲಿ ಎಳೆದ, ಸುಮ್ಮನೆ ಎಕ್ಸಿಲೇಟರು ಒತ್ತಿದ, ಸಾಯನ್ ಸರ್ಕಲ್ಲಿಗೆ ದೇವರಿಗೆ ಪ್ರದಕ್ಷಿಣೆ ಹಾಕುವಂತೆ ಸುತ್ತು ಹಾಕಿದ. ಟ್ರಾಫಿಕ್ ಹವಾಲ್ದಾರನ ತಲೆ ಬಿಸಿಯಾಯಿತೇ ಹೊರತು ಎಂಜಿನ್ನು ಬಿಸಿಯಾಗಲಿಲ್ಲ.

ಕೊನೆಗೆ ಫ್ಲೈಓವರಿನ ಕೆಳಗೆ ಗಾಡಿ ನಿಲ್ಲಿಸಿದ. ಸ್ಕ್ರೂಡ್ರೈವರ್ ತೆಗೆದುಕೊಂಡ. ಆ ಕಡೆ ಈ ಕಡೆ ನೋಡಿದ. ತಪ್ಪಾಯ್ತು ಎಂದು ರೇಡಿಯೇಟರಿಗೆ ಕೈಮುಗಿದು, ಕಣ್ಣು ಮುಚ್ಚಿ, ಜಾಲರಿಯ ಸಂದಿನಿಂದ ತಿವಿದ. ಹನಿ ಹನಿ ಸೋರಲಿ ಎಂದು ಅವನ ಲೆಕ್ಕಾಚಾರ. ಹೊಸ ಕಾಲದ ಮೆದು ಲೋಹ, ಹಲಸಿನ ಹಣ್ಣಿಗೆ ಕತ್ತಿ ಹೋದಂತೆ ಸ್ಕ್ರೂಡ್ರೈವರ್ ಒಳಗಿಳಿಯಿತು. ಬೆಚ್ಚಗಿನ ಹಸಿರು ನೀರು ಅವನ ಅಂಗಿಗೆಲ್ಲ ಚಿಮ್ಮಿತು. ಗಲ್ಲಿ ಮುಟ್ಟುವಷ್ಟರಲ್ಲಿ ಪಿಕಪ್ಪು ಹಿಂದೆಂದೂ ಇಲ್ಲದಷ್ಟು ಹೊಗೆ ಉಗುಳುತ್ತಿತ್ತು. ಚೆನ್ನಯನಿಗೆ ಹೋದ ಜೀವ ಬಂದಂತಾಯಿತು.

ಸೇವಂತಿ ಬಾಗಿಲಲ್ಲೇ ನಿಂತಿದ್ದಳು. ಅಡಿಗೆಯ ಹೊತ್ತಿನಲ್ಲಿ ಉಡದ ನೀಲಿ ಸೀರೆ ಉಟ್ಟಿದ್ದಳು. ಬಾಗಿಲ ಹೊರಗೆ, ಇಡೀ ಚಾಳಿಗೆ ಕಾಣುವಂತೆ, ಎರಡು ಕುರ್ಚಿ ಎದುರುಬದುರು ಇಟ್ಟಿತ್ತು. ಗ್ಯಾಲರಿಯಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಚೆನ್ನಯನ ಕಣ್ಣು ಇದಾವುದನ್ನೂ ನೋಡಲಿಲ್ಲ. ಅದು ಬಕೆಟ್ಟನ್ನು ಹುಡುಕುತ್ತಿತ್ತು.

"ಹೊಸದು ಹಾಕಿಸಿದ್ದೀರಿ ಅಂತ ಕೇಳಿದೆ," ಎಂದಳು ಸೇವಂತಿ.

"ಹಾಕಿಸಿದ್ದು ಹೌದು. ಎಂತ ಮಾಡುದು, ಹೊಸದೂ ಸೋರ್ತದೆ. ಸ್ವಲ್ಪ ನೀರು ಬೇಕಿತ್ತು."

"ನೀರಿಗೆ ಬಂದದ್ದಾ?"

"ಮತ್ತೆಂತಕ್ಕೆ?" ಎಂದ ಚೆನ್ನಯ. ತನ್ನ ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಒಳಗೊಳಗೇ ಬೀಗಿದ.

ಸೇವಂತಿ ಸ್ವಲ್ಪ ಹೊತ್ತು ಅವನ ಹಸಿರು ಅಂಗಿಯನ್ನೇ ನೋಡುತ್ತ ನಿಂತಳು. ಆಮೇಲೆ ಒಳಗೆ ಹೋಗಿ ಬಕೆಟ್ಟು ತುಂಬಿ ತಂದು ಮೆಟ್ಟಿಲ ಮೇಲಿಟ್ಟಳು. "ತಕ್ಕೊಳ್ಳಿ ಚೆನ್ನಯಣ್ಣ," ಎಂದು ಬಾಗಿಲು ಮುಂದೆ ಮಾಡಿದಳು.

ಹಾಲಿನವನನ್ನೂ ತರಕಾರಿಯವನನ್ನೂ ಅಣ್ಣ ಎನ್ನುತ್ತಿದ್ದ ಸೇವಂತಿ ಇಷ್ಟು ವರ್ಷ ಇವನೊಬ್ಬನನ್ನು ಮಾತ್ರ ಯಾವ ಹೆಸರೂ ಹಿಡಿಯದೆ, "ಇಗೊಳ್ಳಿ", "ಕೇಳಿದ್ರಾ" ಎಂದೇ ಮಾತಾಡಿಸಿದ್ದಳು. ಬಕೆಟ್ಟು ಸಿಕ್ಕ ಸಂತೋಷದಲ್ಲಿ ಆ ಮೂರ್ಖನಿಗೆ ಇದೂ ಹೊಳೆಯಲಿಲ್ಲ. ಇನ್ನೂ ಕೆಲವು ವರ್ಷ ಚಿಂತೆಯಿಲ್ಲ ಎಂದುಕೊಂಡು ರೇಡಿಯೇಟರು ತಣಿಯಲೆಂದು ಕಾಯುತ್ತ ನಿಂತ.

ರುಕ್ಮಿಣಿಬಾಯಿ ಹೊರಗೆ ಬಂದು ಕುರ್ಚಿಗಳನ್ನು ಎತ್ತತೊಡಗಿದಳು. ಅವಳ ಮುಖ ಊದಿಕೊಂಡಿತ್ತು.

"ಪೂಜಾರಿಶೇಟ್, ಆಜ್ ಒಂದು ದಿನ ನೀರು ಕೇಳ್ಬಾರ್ದಿತ್ತು ತುಮ್ಹಿ," ಎಂದಳು.

ಮತ್ತೆ ಅವಳು ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದ್ದಿಷ್ಟು. ಸೇವಂತಿಗೆ ಪುಣೆಯಲ್ಲಿ ಹೋಟೆಲು ಇಟ್ಟುಕೊಂಡಿರುವ ಒಬ್ಬ ವಿಧುರನ ಕಡೆಯಿಂದ ಸಂಬಂಧ ಬಂದಿದೆ. ಊರಿನಿಂದ ಬಂದ ಅವಳ ಅಣ್ಣ ಇವತ್ತು ಪುಣೆಯಲ್ಲಿ ಆ ವಿಧುರನ ಮನೆಯಲ್ಲೇ ಕೂತು ತಂಗಿಯ ಫೋನಿಗೆ ಕಾಯುತ್ತಿದ್ದಾನೆ. ಸೇವಂತಿ ಮಾತ್ರ ಇನ್ನೊಬ್ಬರ ಬಾಯಿಂದ ಒಂದು ಮಾತು ಬರಲೆಂದು ದಿನ ತಳ್ಳುತ್ತ ಬಂದಿದ್ದಳು. ಅವರು ಬರುವುದು ನೀರಿಗೋ ನನಗೋ ಎಂದು ಹೇಗೆ ತಿಳಿಯುವುದು ಬಾಯಿ, ನೀರು ಬೇಡದ ಒಂದು ದಿನ ಈ ಬಾಗಿಲಿಗೆ ಬಂದರೆ ಸಾಕು, ಪುಣೆಗೆ ಆಗುವುದಿಲ್ಲ ಎಂದುಬಿಡುತ್ತೇನೆ ಎನ್ನುತ್ತಿದ್ದಳು. ಇವತ್ತು ರೇಡಿಯೇಟರಿನ ಸುದ್ದಿ ಕೇಳಿದವಳೇ ಒಲೆ ಆರಿಸಿ, ಮತ್ತೊಮ್ಮೆ ಮಿಂದು, ಸೀರೆ ಬದಲಿಸಿ ಕುರ್ಚಿ ಹಾಕಿಸಿದ್ದಳು. ಯಾರು ನೋಡಿದರೂ ನೋಡಲಿ ಎಂದಿದ್ದಳು.

ಚೆನ್ನಯ ಕೈಯಲ್ಲಿದ್ದ ಬಕೆಟ್ಟನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಓಡಿದ. ನೀರು ಚೆಲ್ಲಿ ಗಲ್ಲಿಯಲ್ಲಿ ಹರಿಯಿತು. ಒಳಗೆ ಸೇವಂತಿ ಫೋನನ್ನು ಆಗಷ್ಟೇ ಕೆಳಗಿಟ್ಟಿದ್ದಳು.

"ಅದು ಸೋರಿದ್ದಲ್ಲ ಸೇವಂತಿ," ಎಂದ ಏದುಸಿರು ಬಿಡುತ್ತ. "ನಾನೇ ಸ್ಕ್ರೂಡ್ರೈವರ್ ಹಾಕಿ ತೂತು ಮಾಡಿದ್ದು."

"ಹೊಸದಕ್ಕಾ?"

"ಹೊಸದಕ್ಕೆ."

"ಎಂತಕ್ಕೆ?"

"ಇಲ್ಲಿಗೆ ಬರ್ಲಿಕ್ಕೆ. ಮೊದಲಿನದ್ದೂ ಅಷ್ಟೆ, ಅದಕ್ಕೇ ಬದಲಿಸ್ಲಿಲ್ಲ."

ಸೇವಂತಿಗೆ ನಗು ಬಂತು. ಅದು ಅರ್ಧಕ್ಕೇ ನಿಂತು ಕಣ್ಣು ತುಂಬಿತು. ಪುಣೆಯಲ್ಲಿ ಹಿರಿಯರೆಲ್ಲ ಕೂತಿದ್ದರು, ಎಲ್ಲರೆದುರು ಈಗಷ್ಟೇ ಫೋನಿನಲ್ಲಿ ಹೂಂ ಎಂದಾಯಿತು, ಅಣ್ಣನ ಮರ್ಯಾದೆ ಕಳೆಯಲಿಕ್ಕಾಗುವುದಿಲ್ಲ ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನು ಒಮ್ಮೆ ನೆಟ್ಟಗೆ ನೋಡಿದಳು.

"ಹೊಸ ರೇಡಿಯೇಟರಿಗೆ ತೂತು ಮಾಡುವಷ್ಟು ಧೈರ್ಯ ಇತ್ತು ನಿಮಗೆ. ಒಂದು ಮಾತು ಹೇಳ್ಲಿಕ್ಕೆ ಇರ್ಲಿಲ್ವಾ?"

ಸಂಜೆಯ ಡಬ್ಬಿಗೆ ಹೊತ್ತಾಯಿತೆಂದು ಸೇವಂತಿ ಒಲೆಯ ಕಡೆ ತಿರುಗಿದಳು. ಅವನು ಹೊರಗೆ ಬಂದ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುತ್ತಾರೆ. ನೀರಿನ ಬದಲು ಅವಳನ್ನು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಎಷ್ಟೊಂದು ಮಧ್ಯಾಹ್ನಗಳು ಕೈಯಲ್ಲಿದ್ದವು. ಎಲ್ಲವನ್ನೂ ಮೀನು, ಮಳೆ, ಕಾಯಿಯ ದರ ಎಂದು ಕಳೆದುಬಿಟ್ಟನಲ್ಲ ಎಂದು ನೆನೆದರೆ ನನಗೇ ಹೊಟ್ಟೆ ಉರಿಯುತ್ತದೆ, ಅವನಿಗೆ ಹೇಗಾಗಿರಬೇಕು.

ರುಕ್ಮಿಣಿಬಾಯಿ ಮತ್ತೊಂದು ಬಕೆಟ್ಟು ತಂದುಕೊಟ್ಟಳು. ಸುರಿದಷ್ಟೂ ಸೋರುತ್ತಿದ್ದ ನೀರಿನಲ್ಲೇ ಪಿಕಪ್ಪನ್ನು ಹೇಗೋ ಧಾರಾವಿಯವರೆಗೆ ತಂದ. ತಿರುಗಿ ಬಂದ ಗಾಡಿಯನ್ನು ಕಂಡು ಕಾಶಪ್ಪನಿಗೆ ಅವಮಾನವೇ ಆಯಿತು. ಬ್ಯಾಟರಿ ಹಿಡಿದು ಜಾಲರಿಯೊಳಗೆ ಬಹಳ ಹೊತ್ತು ಇಣುಕಿದವನು ಎದ್ದು ನಿಂತು ದನಿ ತಗ್ಗಿಸಿದ.

"ಪೂಜಾರ್ರ, ಇದು ಕಲ್ಲು ಬಡದು ಆದದ್ದಲ್ಲ. ಯಾರೋ ಬೇಕಂತನ ತಿವಿದಾರ. ನಿಮಗ ವೈರಿ ಯಾರರ ಅದಾರೇನ್ರಿ?"

ಚೆನ್ನಯ ಹಸಿರು ಅಂಗಿಯ ತುದಿ ಹಿಂಡಿದ.

"ಒಬ್ಬ ಇದ್ದಾನೆ," ಎಂದ.

"ಅಂಥಾವನ್ನ ಗಾಡಿ ಹತ್ರ ಬರಗೊಡಬ್ಯಾಡ್ರಿ ಮತ್ತ," ಎಂದು ಕಾಶಪ್ಪ ತೂತಿಗೆ ಅಂಟು ಬಳಿಯಲು ಬಗ್ಗಿದ.

ಚೆನ್ನಯ ಆಗಲಿ ಎಂದು ತಲೆಯಾಡಿಸಿದ. ಅಂಟು ಒಣಗಿದ ಮೇಲೆ ಗಾಡಿ ಹತ್ತಿ, ಸ್ಟಿಯರಿಂಗ್ ಹಿಡಿದು ಮುಲುಂಡಿನ ದಾರಿ ಹಿಡಿದ.