ಸಾಹುಕಾರರ ದೋಣಿಗೆ ಸ್ಟಿಕ್ಕರ್

ಸ್ಟಿಕ್ಕರ್ ಅಂಟಿಸುವವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ಅಂಗಡಿ ಬಾಗಿಲು ತೆಗೆದು ಕೂತರೆ ಸಾಕು, ತಾವಾಗಿಯೇ ಬಂದು ಸ್ಟೂಲು ಎಳೆದುಕೊಂಡು ಕೂಡುತ್ತವೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯಲ್ಲಿ ಬೋರ್ಡು ಎಂದರೆ ಇನ್ನೂ ಬ್ರಷ್ಷು, ಡಬ್ಬಿ, ಏಣಿ. ನನ್ನ ಸೋದರಮಾವ ಊರಿಗೇ ಹೆಸರಾದ ಪೇಂಟರು. ನಾನು ಅವರ ಕೈಕೆಳಗೆ ಅಕ್ಷರ ಬರೆಯಲು ಕಲಿತು, ಆಮೇಲೆ ತಲೆ ಕೆಟ್ಟು (ಇದು ಮಾವನ ಮಾತು) ಸ್ಟಿಕ್ಕರ್ ಅಂಗಡಿ ಇಟ್ಟೆ. ಜನ ಅದನ್ನು ರೇಡಿಯಂ ಅಂಗಡಿ ಅಂತಿದ್ದರು. ಮಾವ ಅದನ್ನು ಅಂಗಡಿ ಅಂತಲೇ ಅನ್ನುತ್ತಿರಲಿಲ್ಲ.

ಮಾವನ ಮಗಳನ್ನು ನನಗೇ ಕೊಡುವುದು ಎಂದು ಮೊದಲಿನಿಂದ ಮಾತಾಗಿತ್ತು. ನನಗಂತೂ ಆ ಹುಡುಗಿಯ ಮೇಲೆ ಜೀವ. ಅಂಗಡಿ ಶುರುವಾದ ದಿನ ಮಾವ ಆ ಮಾತನ್ನು ಹಿಂದಕ್ಕೆ ತಗೊಂಡರು.

“ಪೇಂಟು ತಗಡಿನ ಒಳಗೆ ಇಳೀತತೆ. ನಿಂದು ಮೇಲೆ ಕೂತಿರ್ತತೆ. ನಾಕು ಹನಿ ನೀರು ಬಿದ್ರೆ ಎದ್ದು ಹೋಗ್ತತೆ. ಅದನ್ನ ನಂಬ್ಕೊಂಡು ಮಗಳನ್ನ ಕೊಡ್ಲೇನು?”

ಅದೇ ಹೊತ್ತಿಗೆ ದೋಣಿ ಬಂತು.

ಲಾರಿ ಇದ್ದಂಗೆ

ಮಂಡಿಪೇಟೆಯಲ್ಲಿ ಬೆಲ್ಲ, ಹುಣಸೆಹಣ್ಣಿನ ಸಗಟು ವ್ಯಾಪಾರದ ಸಾಹುಕಾರರೊಬ್ಬರಿದ್ದರು. ಹರಿಹರದ ಹತ್ತಿರ ಹೊಳೆಯ ಆಚೆ ದಂಡೆಗೆ ಅವರ ಗದ್ದೆ. ಸೇತುವೆ ಸುತ್ತಿ ಹೋಗುವುದು ದೂರ ಎಂದು ತಗಡಿನ ದೋಣಿ ಮಾಡಿಸಿ, ಆಳುಗಳನ್ನೂ ಊರವರನ್ನೂ ದಾಟಿಸುತ್ತಿದ್ದರು. ಪ್ರತಿ ಬೇಸಿಗೆಗೆ ಅದಕ್ಕೆ ಪೇಂಟು. ಪೇಂಟು ಒಣಗುವವರೆಗೆ ದೋಣಿ ದಂಡೆಯಲ್ಲಿ, ಜನ ಹರಿಗೋಲಿನಲ್ಲಿ.

ನಾನು ಸ್ಟಿಕ್ಕರ್ ಹಚ್ಚಿದ ಲಾರಿಯೊಂದನ್ನು ನೋಡಿ ಸಾಹುಕಾರರು ಅಂಗಡಿಗೆ ಬಂದರು.

“ದೋಣಿಗೂ ಹಿಂಗೇ ಹಚ್ಚಬೋದೇನೋ?”

“ಹಚ್ಚಬೋದ್ರಿ. ಒಣಗೋದು ಗಿಣಗೋದು ಇಲ್ಲ. ಮುಂಜಾನಿ ಹಚ್ಚಿದ್ರೆ ಸಂಜೀಕೆ ನೀರಿಗೆ ಬಿಡಬೋದು.”

ನೀರಿನಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಲಾರಿಗೆ ಏನೇನಿತ್ತೋ ಅದೆಲ್ಲ ಬೇಕೆಂದರು. ಎರಡೂ ಮಗ್ಗುಲಿಗೆ ಕೆಂಪು, ಹಳದಿ ಪಟ್ಟೆ. ಮುಂದೆ ಎರಡು ಕಣ್ಣು. ಹಿಂದೆ ‘ಹಾರ್ನ್ ಪ್ಲೀಸ್’.

“ಸಾಹುಕಾರ್ರೇ, ಹೊಳ್ಯಾಗೆ ನಿಮ್ಮ ಹಿಂದೆ ಯಾರು ಬರ್ತಾರ್ರಿ?”

“ಯಾರೂ ಬರಲ್ಲ. ಬಂದ್ರೆ ಹೊಡೀಲಿ.”

ಮೊದಲು ಅದೊಂದನ್ನೇ ಹಚ್ಚಿದೆ. ಮಾರನೆಯ ದಿನ ದಂಡೆಯ ಮೇಲೆ ದೋಣಿಯ ಹಿಂದೆ ಹಾದ ಕುರಿಯವನೊಬ್ಬ ನಿಂತು ಓದಿ, ಬಾಯಲ್ಲೇ “ಪೋಂ” ಅಂದು, ಕುರಿಗಳನ್ನು ಪಕ್ಕದಿಂದ ಹೊಡೆದುಕೊಂಡು ಹೋದ.

ಸುದ್ದಿ ಮಾವನಿಗೆ ಮುಟ್ಟಿತು. ಮನೆಗೆ ಕರೆಸಿದರು.

“ಒಂದು ಮಳೆಗಾಲ ಹೊಳೆ ನೀರಿನಾಗೆ ಅದು ಬಿಡದಂಗೆ ನಿಲ್ಲಲಿ. ಲಗ್ನ ಮಾಡಿ ಕೊಡ್ತೀನಿ. ಬಿಡ್ತೋ, ಅಂಗಡಿ ಮುಚ್ಚಿ ನನ್ನ ಡಬ್ಬಿ ಹಿಡಿ. ಹುಡುಗಿಗೆ ಬ್ಯಾರೆ ಕಡೆ ನೋಡ್ತೀನಿ.”

ಹೊರಟಾಗ ಹುಡುಗಿ ನೀರಿನ ಲೋಟ ತಗೊಳ್ಳುವ ನೆವದಲ್ಲಿ ಬಂದಳು. “ಹುಷಾರಾಗಿ ಅಂಟ್ಸು,” ಅಂದಳು. ನನ್ನ ಕೆಲಸದ ಬಗ್ಗೆ ಅವಳು ಅಲ್ಲಿಯವರೆಗೆ ಕೊಟ್ಟ ಸಲಹೆ ಅದೊಂದೇ.

ದೋಣಿಗೆ ಇಸ್ತ್ರಿ

ದೊಡ್ಡ ಸ್ಟಿಕ್ಕರ್ ಅಂಟಿಸುವಾಗ ತಗಡಿಗೆ ಸೋಪಿನ ನೀರು ಸವರಬೇಕು. ಆಗ ಅದನ್ನು ಅತ್ತಿತ್ತ ಸರಿಸಿ ಕೂಡಿಸಬಹುದು. ಆಮೇಲೆ ರಬ್ಬರ್ ಪಟ್ಟಿಯಿಂದ ನೀರು ಒತ್ತಿ ತೆಗೆಯಬೇಕು. ದೋಣಿಯ ಮೂತಿಯಂಥ ಡೊಂಕು ಜಾಗದಲ್ಲಿ ಬಿಸಿ ಕೊಡಬೇಕು. ಹೊಳೆ ದಂಡೆಗೆ ಕರೆಂಟು ಎಲ್ಲಿಂದ ತರುವುದು? ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಬಾಡಿಗೆಗೆ ತಂದು, ಒದ್ದೆ ಬಟ್ಟೆ ಹಾಸಿ, ಮೆಲ್ಲಗೆ ಎಳೆಯತೊಡಗಿದೆ.

ಬಟ್ಟೆ ಒಗೆಯಲು ಬಂದ ಹೆಂಗಸೊಬ್ಬಳು ಮೊದಲಿನಿಂದ ನೋಡುತ್ತಿದ್ದಳು. ಸೋಪು ಹಾಕಿದ್ದು ನೋಡಿದಳು, ನೀರು ಹಿಂಡಿದ್ದು ನೋಡಿದಳು. ಇಸ್ತ್ರಿ ಪೆಟ್ಟಿಗೆ ಕಂಡ ಮೇಲೆ ತಡೆಯಲಾಗಲಿಲ್ಲ.

“ದೋಣಿಗೂ ಇಸ್ತ್ರಿ ಮಾಡಸ್ತಾರೇನ್ರಿ?”

“ಹೂಂ ಕಣಮ್ಮ. ಸಾಹುಕಾರ್ರ ದೋಣಿ.”

“ಹಂಗಾದ್ರೆ ಸೈ ಬಿಡ್ರಿ,” ಎಂದು ಹೋದಳು.

ಅರ್ಧ ಗಂಟೆಗೆ ಗಂಡನ ಬಿಳಿ ಅಂಗಿ ಹಿಡಿದು ವಾಪಸ್ ಬಂದಳು. “ನಾಳೆ ಬೀಗರ ಊರಿಗೆ ಹೋಗೋರದಾರೆ. ಪೆಟ್ಟಿಗೆ ಹೆಂಗೂ ಕಾದೈತೆ, ದೋಣಿ ಆದ ಮ್ಯಾಲೆ ಇದನ್ನೊಂದಿಷ್ಟು ಎಳೀರಿ.”

ಎಳೆದು ಕೊಟ್ಟೆ. ಅವಳು ಮಡಿಕೆ ನೋಡಿ, “ದೋಣಿಗಿಂತ ಇದೇ ಚಲೋ ಬಂದೈತೆ,” ಅಂದಳು.

ತೂತು

ಎಷ್ಟು ಒತ್ತಿದರೂ ಸ್ಟಿಕ್ಕರಿನ ಕೆಳಗೆ ಅಲ್ಲಲ್ಲಿ ಗಾಳಿಗುಳ್ಳೆ ಉಳಿಯುತ್ತದೆ. ಅದಕ್ಕೆ ಸೂಜಿಯಿಂದ ಚುಚ್ಚಿ ಗಾಳಿ ಬಿಟ್ಟು, ಬೆರಳಿನಿಂದ ಒತ್ತಿಬಿಟ್ಟರೆ ಗುರುತೂ ಕಾಣುವುದಿಲ್ಲ. ನಾನು ಕೂತು ಒಂದೊಂದೇ ಚುಚ್ಚುತ್ತಿದ್ದೆ.

ದೋಣಿ ನಡೆಸುವ ಅಂಬಿಗರ ಅಜ್ಜ ಬೇವಿನ ಮರದ ಕೆಳಗೆ ಬೀಡಿ ಸೇದುತ್ತಿದ್ದ. ಅವನು ಬಾಳಿನುದ್ದಕ್ಕೂ ಹೆದರಿದ್ದು ದೋಣಿಯ ತೂತಿಗೆ ಮಾತ್ರ. ಚೊಕ್ಕ ಅಂಗಿ ಹಾಕಿಕೊಂಡವನೊಬ್ಬ ದಾವಣಗೆರೆಯಿಂದ ಬಂದು, ಹಾಡಹಗಲೇ ದೋಣಿಗೆ ಸೂಜಿ ಚುಚ್ಚುವುದನ್ನು ಆತ ಬೀಡಿ ಕೆಳಗಿಟ್ಟು ನೋಡಿದ.

ನಾನು ಹರಿಹರದ ಪೇಟೆಗೆ ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಬಂದೆ. ಬಂದು ನೋಡಿದರೆ ಹೊಸ ಕೆಂಪು, ಹಳದಿ ಪಟ್ಟೆಯ ತುಂಬ ಕರೀ ಚುಕ್ಕೆ. ಅಜ್ಜ ಡಾಂಬರು ಕಾಯಿಸಿ, ಕಡ್ಡಿಯಲ್ಲಿ ಅದ್ದಿ, ಚುಚ್ಚಿದ ಒಂದೊಂದು ಜಾಗಕ್ಕೂ ಬೊಟ್ಟು ಇಟ್ಟಿದ್ದ.

ನನಗೆ ಅಳು ಬಂತು. ಬಾಯಿ ತೆರೆಯುವ ಮೊದಲೇ ಅಜ್ಜ ನನ್ನ ಹೆಗಲ ಮೇಲೆ ಕೈಯಿಟ್ಟ.

“ಎಲ್ಲಾ ಮುಚ್ಚೀನಿ, ಹೆದರಬ್ಯಾಡ. ಸಾಹುಕಾರ್ರಿಗೆ ಹೇಳಲ್ಲ. ಹೊಟ್ಟೆಪಾಡಿಗೆ ಮನ್ಷ್ಯ ಏನೇನೋ ಮಾಡ್ತಾನೆ.”

ಸಂಜೆಯವರೆಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಅಜ್ಜ ಪಕ್ಕದಲ್ಲೇ ಕೂತು, ಮತ್ತೆ ತೂತು ತೆರೆಯುತ್ತಿದ್ದೇನೆ ಎಂದು ತಲೆ ತಲೆ ಚಚ್ಚಿಕೊಂಡ.

ಒದ್ದೆ ಆಗಲ್ವೇನು?

ಇಲ್ಲಿ ಸಾಹುಕಾರರ ಸ್ವಭಾವ ಹೇಳಲೇಬೇಕು. ಅವರ ಸ್ಕೂಟರಿನ ಸೀಟಿಗೆ ಶೋರೂಮಿನ ಪ್ಲಾಸ್ಟಿಕ್ಕು ಇನ್ನೂ ಇತ್ತು. ಸ್ಕೂಟರಿಗೆ ಹತ್ತು ವರ್ಷ. ಅಂಗಡಿಯ ಫೋನಿಗೆ ಗವಸು, ಗವಸು ಕೊಳೆಯಾಗದಂತೆ ಅದಕ್ಕೊಂದು ಕವರು. ಫೋನು ಬಂದರೆ ಎಲ್ಲ ಬಿಚ್ಚುವಷ್ಟರಲ್ಲಿ ನಿಂತು ಹೋಗುತ್ತಿತ್ತು.

ದೋಣಿ ಇಳಿಸುವ ದಿನ ಪೂಜೆ ಇಟ್ಟರು. ಮೂತಿಗೆ ವಿಭೂತಿ, ಹೂವು. ಕಾಯಿ ಮಾತ್ರ ದೂರದ ಕಲ್ಲಿಗೆ ಒಡೆಸಿದರು, ಸ್ಟಿಕ್ಕರಿಗೆ ಸಿಡಿಯಬಾರದೆಂದು. ಮಾವನೂ ಬಂದು ದಂಡೆಯ ಮೇಲೆ ನಿಂತಿದ್ದರು. ಆಳುಗಳು “ಐಸಾ” ಅಂತ ತಳ್ಳಿದರು. ದೋಣಿಯ ಮೂತಿ ನೀರಿಗೆ ಇನ್ನೊಂದು ಮೊಳ ಇತ್ತು.

“ನಿಲ್ರೋ!” ಅಂತ ಸಾಹುಕಾರರು ಅಡ್ಡ ಬಂದರು. “ಹಿಂಗೇ ಇಳಿಸಿದ್ರೆ ಒದ್ದೆ ಆಗಲ್ವೇನು?”

ಅಂಬಿಗರ ಅಜ್ಜ ತಡೆದು ತಡೆದು, “ಸಾಹುಕಾರ್ರೇ, ಅದು ದೋಣಿ,” ಅಂದ.

“ದೋಣಿ ಅಂದ್ರೆ ಹಾಳಾಗ್ಲೇನು? ಇಷ್ಟು ಚೆಂದ ಕುಂತೈತೆ!”

ದೋಣಿ ದಂಡೆಯ ಮೇಲಿನ ತಗಡಿನ ಶೆಡ್ಡಿಗೆ ಹೋಯಿತು. ಮೇಲೆ ತಾಡಪಾಲು ಹೊದಿಸಿದರು. ಜನ ಮೊದಲಿನಂತೆ ಹರಿಗೋಲಿನಲ್ಲಿ ದಾಟಿದರು. ನಾನು ಕೈಕಾಲು ಹಿಡಿದು ಬೇಡಿಕೊಂಡಾಗ ಸಾಹುಕಾರರು ಕರಗಿ, ಒಂದು ಚೊಂಬು ಹೊಳೆನೀರು ತರಿಸಿ ಸ್ಟಿಕ್ಕರಿಗೆ ಚಿಮುಕಿಸಿ, ಹೆಗಲ ಮೇಲಿನ ವಲ್ಲಿಯಿಂದ ಕೂಡಲೇ ಒರೆಸಿಬಿಟ್ಟರು.

ಮಾವ ವಾರಕ್ಕೊಮ್ಮೆ ಕೇಳುತ್ತಿದ್ದರು. “ಸ್ಟಿಕ್ಕರ್ ಹೆಂಗೈತೆ?”

“ಹೊಸದು ಇದ್ದಂಗೈತೆ ಮಾವ.”

“ನೀರಿಗೆ ಇಳಿಸಿದ್ರೇನು?”

“ಇಲ್ಲ.”

“ಹಂಗಾದ್ರೆ ನನ್ನ ಮಗಳೂ ಮನ್ಯಾಗೇ ಇರ್ಲಿ.”

ಹೊಳೆಯೇ ಬಂತು

ಮಲೆನಾಡಿನಲ್ಲಿ ಹಿಡಿದ ಮಳೆ ಬಿಡಲಿಲ್ಲ. ಹರಿಹರದಲ್ಲಿ ಹೊಳೆ ಎರಡೂ ದಂಡೆ ತುಂಬಿ ಶೆಡ್ಡಿಗೆ ನುಗ್ಗಿತು. ಸಾಹುಕಾರರು ದೋಣಿಯನ್ನು ನೀರಿಗೆ ಬಿಡದಿದ್ದರೇನು, ನೀರೇ ಬಂದು ದೋಣಿಯನ್ನು ಕರೆದುಕೊಂಡು ಹೋಯಿತು, ತಾಡಪಾಲಿನ ಸಮೇತ.

ನೆರೆ ಇಳಿದ ಮೇಲೆ ನಾನು, ಮಾವ, ಸಾಹುಕಾರರು, ಅಂಬಿಗರ ಅಜ್ಜ, ನಾಲ್ವರೂ ಹೊಳೆಸಾಲು ಹಿಡಿದು ಹುಡುಕುತ್ತ ಹೋದೆವು. ದೋಣಿ ಹೋದರೆ ಸಾಹುಕಾರರು ಇನ್ನೊಂದು ಮಾಡಿಸುತ್ತಾರೆ. ನನ್ನದು ಹೋದರೆ ಹೋಯಿತೇ.

ದೂರದ ಜಾಲಿ ಮೆಳೆಯಲ್ಲಿ ದೋಣಿ ಸಿಕ್ಕಿಕೊಂಡಿತ್ತು. ಮೂತಿ ಜಜ್ಜಿಹೋಗಿತ್ತು, ಒಂದು ಮಗ್ಗುಲು ಒಳಗೆ ಹೋಗಿತ್ತು. ಸ್ಟಿಕ್ಕರಿನ ಎರಡು ಕಣ್ಣು ಮಾತ್ರ ಪಿಳಿಪಿಳಿ ನಮ್ಮನ್ನೇ ನೋಡುತ್ತಿದ್ದವು. ಪಟ್ಟೆಯ ಒಂದು ಅಂಚೂ ಎದ್ದಿರಲಿಲ್ಲ.

ಮಾವ ಕನ್ನಡಕ ಹಾಕಿಕೊಂಡರು. ಅಂಚಿನುದ್ದಕ್ಕೂ ಉಗುರಿನಿಂದ ಕೆರೆದು ನೋಡಿದರು. ಆಮೇಲೆ ದೋಣಿಯೊಳಗೆ ಇಳಿದು ನೋಡಿದ ಅಂಬಿಗರ ಅಜ್ಜ ಕೂಗಿದ. ಮಗ್ಗುಲಿನ ಪಟ್ಟೆಯ ಹಿಂದೆ ವೆಲ್ಡಿಂಗ್ ಬಿಟ್ಟು ಗೇಣುದ್ದ ಸೀಳಿತ್ತು. ಆ ಸೀಳನ್ನು ಹೊರಗಿನಿಂದ ಹಿಡಿದುಕೊಂಡಿದ್ದದ್ದು ಬರೀ ಸ್ಟಿಕ್ಕರು. ದೋಣಿಯೊಳಗೆ ಒಂದು ಚೊಂಬು ನೀರೂ ಇರಲಿಲ್ಲ.

“ಲೇ, ದೋಣಿಗೆ ಸ್ಟಿಕ್ಕರ್ ಹಚ್ಚಿದ್ಯೋ, ಸ್ಟಿಕ್ಕರಿಗೆ ದೋಣಿ ಹಚ್ಚಿದ್ಯೋ?” ಅಂದರು ಮಾವ. ಅವರ ಬಾಯಿಂದ ನನ್ನ ಕೆಲಸಕ್ಕೆ ಬಂದ ಮೊದಲ ಹೊಗಳಿಕೆ ಅದು. ನನಗೆ ಎದೆ ತುಂಬಿ ಬಂತು.

ಸಾಹುಕಾರರಿಗೂ ತುಂಬಿ ಬಂದಿತ್ತು. ಕಣ್ಣೊರೆಸಿಕೊಂಡು, ದೋಣಿಯ ಮೈ ಸವರಿ, ಮಾವನ ಕಡೆ ತಿರುಗಿದರು.

“ಪೇಂಟರ್ರೇ, ಇಂಥಾ ಸ್ಟಿಕ್ಕರನ್ನ ಇನ್ನು ಹಿಂಗೇ ಬರಿಮೈಲಿ ಬಿಡಬಾರ್ದು. ಹಾಳಾಗ್ತತೆ. ಇದರ ಮ್ಯಾಲೆ ಚಲೋತ್ನಾಗಿ ಎರಡು ಕೋಟು ಪೇಂಟು ಹೊಡೀರಿ.”

ಮಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಅತ್ತೆಗೆ ಕೂಗಿ ಹೇಳಿದರು:

“ಲಗ್ನಕ್ಕೆ ದಿನ ಕೇಳ್ಸು. ಇಂಥಾ ಗಿರಾಕಿಗಳು ಇರೋತನಕ ಸ್ಟಿಕ್ಕರು, ಪೇಂಟು ಎರಡೂ ಒಂದೇ ಮನ್ಯಾಗಿರೋದು ಚಲೋ.”